ಮೊಮ್ಮಕ್ಕಳ ವಿಜ್ಞಾನದ ಪೆಟ್ಟಿಗೆ: ಲ್ಯಾಬ್ ಅಜ್ಜಿಯ ವರದಿ

ಮಗ ಈ ಪೆಟ್ಟಿಗೆ ತಂದುಕೊಟ್ಟು ಮೂರು ತಿಂಗಳಾಯಿತು. ಮೊಮ್ಮಗಳಿಗೆ 7 ವರ್ಷ, ಮೊಮ್ಮಗನಿಗೆ 4. ಪೆಟ್ಟಿಗೆಯ ಮೇಲೆ "4ರಿಂದ 8 ವರ್ಷದ ಪುಟ್ಟ ವಿಜ್ಞಾನಿಗಳಿಗೆ, 25 ಪ್ರಯೋಗಗಳು" ಅಂತ ದಪ್ಪಕ್ಷರದಲ್ಲಿದೆ. "ಅಮ್ಮಾ, ನೀನು ಲ್ಯಾಬಲ್ಲಿ ಇದ್ದವಳಲ್ವಾ, ಇಬ್ಬರನ್ನೂ ಕೂರಿಸಿಕೊಂಡು ಮಾಡಿಸು, ಹೇಗಿದೆ ಅಂತ ಹೇಳು" ಅಂದ. ಹೇಳುತ್ತಿದ್ದೇನೆ. ದುಡ್ಡು ಕೊಟ್ಟವನು ಅವನಾದ್ದರಿಂದ ಬೆಲೆಯ ಸುದ್ದಿಗೆ ಹೋಗುವುದಿಲ್ಲ. ಕಂಪನಿಯ ಹೆಸರೂ ಬೇಡ. ಇಂಥವೇ ಮೂರ್ನಾಲ್ಕು ಪೆಟ್ಟಿಗೆಗಳನ್ನು ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ಮುಚ್ಚಳದ ಬಣ್ಣ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಅದೇ.

ನಾನು 31 ವರ್ಷ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಪಾಠ ಮಾಡಿದವಳಲ್ಲ. ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ, ಅಂದರೆ ಬ್ಯೂರೆಟ್ ತೊಳೆದವಳು, ದ್ರಾವಣ ಕಲಸಿಟ್ಟವಳು, ಒಡೆದ ಗಾಜಿನ ಲೆಕ್ಕ ಬರೆದವಳು. ಹಾಗಾಗಿ ಪೆಟ್ಟಿಗೆ ಬಿಚ್ಚಿದಾಗ ನನ್ನ ಕಣ್ಣು ಮೊದಲು ಹೋಗಿದ್ದು ಪುಸ್ತಕದ ಕಡೆಗಲ್ಲ, ಸಾಮಾನಿನ ಕಡೆಗೆ. ಎರಡು ಪ್ಲಾಸ್ಟಿಕ್ ಡ್ರಾಪರ್, ಮುಚ್ಚಳವಿರುವ ಮೂರು ಪ್ರನಾಳ, ಅವಕ್ಕೊಂದು ಸ್ಟ್ಯಾಂಡು, ಭೂತಗನ್ನಡಿ, ಎರಡು ದಂಡಕಾಂತ, ಕಬ್ಬಿಣದ ಪುಡಿಯ ಪೊಟ್ಟಣ, ಸೋಸುಕಾಗದ, ಒಂದಿಷ್ಟು ಹಳದಿ ಕಾಗದದ ಪಟ್ಟಿ, ಮೂರು ಪೆನ್ನು, ಬಲ್ಬು, ವೈರು, ಸೆಲ್ ಇಡುವ ಗೂಡು, ಮೂರು ಕನ್ನಡಿ ಪಟ್ಟಿ, ಅಡುಗೆ ಸೋಡಾ, ಸಿಟ್ರಿಕ್ ಆಮ್ಲ, ಬಣ್ಣದ ಜೇಡಿ, ಜ್ವಾಲಾಮುಖಿಯ ಆಟಕ್ಕೆ ಪ್ಲಾಸ್ಟಿಕ್ ಗುಡ್ಡ ಒಂದು, ಪುಟ್ಟ ಟಾರ್ಚ್ ಒಂದು, ಕಣ್ಣಿಗೆ ಹಾಕುವ ಕನ್ನಡಕ. ಕನ್ನಡಕ ಯಾವ ತಲೆಗೆ ಮಾಡಿದ್ದೋ ಗೊತ್ತಿಲ್ಲ, ಮೊಮ್ಮಗನಿಗೆ ಹಾಕಿದರೆ ಜಾರಿ ಕೊರಳಿಗೆ ಬಂತು. ಸ್ಟ್ಯಾಂಡು ಮೂರು ಪ್ರನಾಳ ತುಂಬಿದ ಕೂಡಲೇ ಮುಂದಕ್ಕೆ ಮುಗ್ಗರಿಸುತ್ತದೆ. ಪ್ರನಾಳಗಳು ಮಾತ್ರ ಚೆನ್ನಾಗಿವೆ; ಮುಚ್ಚಳ ಬಿಗಿಯಾಗಿದೆ, ಕೆಳಗೆ ಬಿದ್ದರೂ ಸೋರುವುದಿಲ್ಲ. ಅಷ್ಟು ಒಳ್ಳೆಯ ಮಾತು ಮೊದಲೇ ಹೇಳಿಬಿಡುತ್ತೇನೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಮೊದಲ ದಿನವೇ ಗುಡ್ಡ. ಮುಚ್ಚಳದ ಮೇಲೆ ಕೆಂಪು ನೊರೆ ಉಕ್ಕಿ ಹರಿಯುವ ಚಿತ್ರ, ಪಕ್ಕದಲ್ಲಿ ಬಾಯಿ ಬಿಟ್ಟ ಹುಡುಗ. ಆ ಚಿತ್ರ ನೋಡಿದ ಮೇಲೆ ಮಕ್ಕಳನ್ನು ತಡೆಯುವುದು ಯಾರ ಕೈಲಿ ಸಾಧ್ಯ? ಸೋಡಾ ಹಾಕಿ, ಸಿಟ್ರಿಕ್ ಆಮ್ಲದ ನೀರು ಸುರಿದೆವು, ಬುರ್ರೆಂದು ಉಕ್ಕಿತು, ಆಯಿತು. "ಇನ್ನೊಂದ್ಸಲ!" ಮತ್ತೆ ಉಕ್ಕಿತು. "ಇನ್ನೊಂದ್ಸಲ!" ಪೊಟ್ಟಣ ಖಾಲಿ. 25ರಲ್ಲಿ ಒಂದು ಪ್ರಯೋಗ ಹತ್ತು ನಿಮಿಷದಲ್ಲಿ ಮುಗಿಯಿತು. ಮಕ್ಕಳು ಕಂಡಿದ್ದೇನು ಅಂದರೆ, ಮುಚ್ಚಳದ ಮೇಲೆ ಆಗಲೇ ಕಂಡಿದ್ದನ್ನು.

ಒಂದು ವಾರ ಬಿಟ್ಟು ನಾನೇ ಸೋಡಾ, ಆಮ್ಲ ಎರಡನ್ನೂ ಬೇರೆ ತರಿಸಿದೆ. ಈ ಸಲ ಗುಡ್ಡ ಕಪಾಟಿನಲ್ಲೇ ಉಳಿಯಿತು. ಮೊಮ್ಮಗಳ ಕೈಗೆ ಬರೀ ಪ್ರನಾಳ ಕೊಟ್ಟು, ನಾಲ್ಕೂ ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೋ ಅಂದೆ. ಅವಳು ಡ್ರಾಪರಿನಲ್ಲಿ ಆಮ್ಲ ಬಿಟ್ಟಳು, ನೊರೆ ಬಂತು, ಇಳಿಯಿತು. ಅವಳು ಪ್ರನಾಳವನ್ನು ಕೆನ್ನೆಗೆ ಒತ್ತಿಕೊಂಡಳು. ಇನ್ನೊಮ್ಮೆ ಒತ್ತಿಕೊಂಡಳು. ಆಮೇಲೆ ನನ್ನ ಕೆನ್ನೆಗೆ ತಂದು ಒತ್ತಿದಳು.

"ಅಜ್ಜೀ, ಇದು ತಣ್ಣಗಾಗಿದೆ."

ಹೌದು, ತಣ್ಣಗಾಗುತ್ತದೆ. ಸೋಡಾ ಮತ್ತು ಸಿಟ್ರಿಕ್ ಆಮ್ಲ ನೀರಲ್ಲಿ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಗೆ ಬರುತ್ತದೆ, ಆ ಕೆಲಸಕ್ಕೆ ಬೇಕಾದ ಶಾಖವನ್ನು ಸುತ್ತಲಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗುಡ್ಡದಲ್ಲಿ ಸುರಿದರೆ ದಪ್ಪ ಪ್ಲಾಸ್ಟಿಕ್ಕಿನ ಹೊರಗೆ ಅದು ತಿಳಿಯುವುದಿಲ್ಲ, ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಪುಸ್ತಕದಲ್ಲಿ ಈ ವಿಷಯ ಒಂದಕ್ಷರವೂ ಇಲ್ಲ. ಅಲ್ಲಿರುವುದು "ನಿಮ್ಮ ಬಿಸಿ ಬಿಸಿ ಲಾವಾ ತಯಾರು" ಅಂತ. ಮೊಮ್ಮಗಳು ಪೆನ್ಸಿಲ್ ತಂದು ಎರಡು "ಬಿಸಿ"ಗಳನ್ನೂ ಹೊಡೆದುಹಾಕಿ, ಮೇಲೆ "ತಣ್ಣಗೆ" ಅಂತ ಬರೆದಳು. ಒತ್ತಕ್ಷರ ತಪ್ಪಿತ್ತು, ನಾನು ತಿದ್ದಲಿಲ್ಲ.

ಈ ಪುಸ್ತಕದ ಬಗ್ಗೆಯೇ ನನ್ನ ಮುಖ್ಯ ತಕರಾರು. 32 ಪುಟ, ಬಣ್ಣದ ಚಿತ್ರ, ಅಚ್ಚು ಚೆನ್ನಾಗಿದೆ. ಪ್ರತಿ ಪುಟದಲ್ಲೂ "ಏನಾಗುತ್ತದೆ?" ಎಂಬ ಪ್ರಶ್ನೆ. ಅದರ ಕೆಳಗಿನ ಸಾಲಿನಲ್ಲೇ, ದಪ್ಪಕ್ಷರದಲ್ಲಿ, ಏನಾಗುತ್ತದೆ ಎಂಬ ಉತ್ತರ. ಓದಲು ಬಾರದ ಚಿಕ್ಕವನಿಗೆ ಪರವಾಗಿಲ್ಲ. ಓದಲು ಬರುವ ದೊಡ್ಡವಳು ಪ್ರಯೋಗ ಶುರುವಾಗುವ ಮೊದಲೇ ಉತ್ತರ ಓದಿ, "ಓ, ಕೆಂಪಾಗತ್ತಂತೆ" ಅಂತ ಮುಗಿಸಿಬಿಡುತ್ತಾಳೆ. ಆಮೇಲೆ ಕೆಂಪಾಗುವವರೆಗೆ ಕಾಯುವುದಷ್ಟೇ ಕೆಲಸ.

ಇದನ್ನು ನಾನು 31 ವರ್ಷ ನೋಡಿದ್ದೇನೆ. ಪ್ರಾಕ್ಟಿಕಲ್ ದಿನ ಹುಡುಗರು ಬರುವಾಗಲೇ ರೆಕಾರ್ಡು ಬರೆದುಕೊಂಡು ಬರುತ್ತಿದ್ದರು, ಸೀನಿಯರ್‌ಗಳದ್ದು ನೋಡಿ. ಬ್ಯೂರೆಟ್ಟಿನಲ್ಲಿ ರೀಡಿಂಗ್ ಎಷ್ಟು ಬರಬೇಕೆಂದು ಗೊತ್ತಿರುತ್ತಿತ್ತು. ಅಷ್ಟಕ್ಕೆ ತಿಳಿ ಗುಲಾಬಿ ಬಣ್ಣ ಬರದಿದ್ದರೆ, ಅಕ್ಕಪಕ್ಕ ನೋಡಿ, ಬಣ್ಣ ಬಂದಿದೆ ಅಂತಲೇ ಬರೆಯುತ್ತಿದ್ದರು. ಒಮ್ಮೆ ನಾನೇ ದ್ರಾವಣ ಕಲಸುವಾಗ ತಪ್ಪು ಮಾಡಿದ್ದೆ, ಅರ್ಧದಷ್ಟು ತೆಳುವಾಗಿತ್ತು, ಹಾಗಾಗಿ ಬಣ್ಣ ಬರಲು ಎರಡರಷ್ಟು ಬಿಡಬೇಕಿತ್ತು. ಅವತ್ತು ಇಡೀ ಬ್ಯಾಚಿನಲ್ಲಿ ಒಬ್ಬಳೇ ಹುಡುಗಿ ಬಂದು "ಮೇಡಂ, ನಂಗೆ ಡಬಲ್ ಬರ್ತಿದೆ" ಅಂದಳು. ಉಳಿದವರೆಲ್ಲರಿಗೂ "ಸರಿಯಾದ" ಉತ್ತರವೇ ಬಂದಿತ್ತು! 17 ವರ್ಷದವರಿಗೆ ಅಂಟಿದ ಆ ಚಾಳಿಯನ್ನು 4 ವರ್ಷಕ್ಕೇ ಅಂಟಿಸುವ ಪುಸ್ತಕ ಇದು.

ಹಾಗಾಗಿ ಮೂರನೆಯ ವಾರ ನಾನು ಪುಸ್ತಕ ಕಪಾಟಿಗೆ ಸೇರಿಸಿದೆ. ಪ್ರಯೋಗದ ಹಿಂದಿನ ರಾತ್ರಿ ನಾನು ಓದಿಕೊಳ್ಳುವುದು, ಬೆಳಿಗ್ಗೆ ಸಾಮಾನು ಮಾತ್ರ ಮೇಜಿಗೆ. ಅದೂ ಎಲ್ಲ ಒಟ್ಟಿಗಲ್ಲ. ಜರ್ಮನಿಯಲ್ಲಿ 1837ರಲ್ಲಿ ಪುಟ್ಟ ಮಕ್ಕಳ ಶಾಲೆ ಶುರುಮಾಡಿದ ಫ್ರೋಬೆಲ್ ತಾನು ಕೊಡುವ ಆಟಿಕೆಗಳನ್ನು "ಉಡುಗೊರೆ" ಎಂದು ಕರೆದು, ಸಂಖ್ಯೆ ಹಾಕಿ, ಒಂದಾದ ಮೇಲೆ ಒಂದರಂತೆ ಕೊಡುವ ಕ್ರಮ ಮಾಡಿದ್ದ. ಮೊದಲನೆಯದು ನೂಲು ಸುತ್ತಿದ ಮೆತ್ತನೆಯ ಚೆಂಡು. ಎರಡನೆಯದು ಮರದ ಗುಂಡು, ಮರದ ಉರುಳೆ, ಮರದ ಘನ. ಅಷ್ಟೇ. ಘನಕ್ಕೆ ದಾರ ಕಟ್ಟಿ ಗಿರ್ರನೆ ತಿರುಗಿಸಿದರೆ ಅದು ಉರುಳೆಯ ಹಾಗೆ ಕಾಣುತ್ತದೆ. ನಮ್ಮ ಪೆಟ್ಟಿಗೆಯವರು 25 ಎಂಬ ಸಂಖ್ಯೆ ತುಂಬಿಸಲು ಏನೆಲ್ಲ ತುರುಕಿದ್ದಾರೆ ಎಂದು ನೋಡಿದಾಗ ಆ ಮೂರು ಮರದ ತುಂಡು ನೆನಪಾಗುತ್ತದೆ.

ಇಡೀ ಪೆಟ್ಟಿಗೆಯಲ್ಲಿ ಅತಿ ಬೆಲೆಬಾಳುವ ವಸ್ತು ಯಾವುದು ಅಂತ ಕೇಳಿದರೆ, ಡ್ರಾಪರ್. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಚಿಕ್ಕವನಿಗೆ ಮೊದಲ ದಿನ ಅದು ಒಲಿಯಲೇ ಇಲ್ಲ. ಒತ್ತುತ್ತಾನೆ, ನೀರಿಗೆ ಅದ್ದುತ್ತಾನೆ, ಎತ್ತಿದ ಮೇಲೆ ಬಿಡುತ್ತಾನೆ. ಒಳಗೆ ಬರುವುದು ಬರೀ ಗಾಳಿ. "ಕೆಟ್ಟೋಗಿದೆ" ಅಂದ. ನಾನು ಏನೂ ಹೇಳದೆ ಇನ್ನೊಂದು ಡ್ರಾಪರ್ ತೆಗೆದುಕೊಂಡು ಪಕ್ಕದಲ್ಲಿ ನನ್ನ ಪಾಡಿಗೆ ನೀರೆಳೆಯುತ್ತಾ ಕೂತೆ. ನನ್ನ ಬೆರಳನ್ನೇ ನೋಡಿದ. ಆಮೇಲೆ ನೀರೊಳಗೇ ಒತ್ತಿದ, ಗುಳುಗುಳು ಗುಳ್ಳೆ ಬಂತು. ಅದೇ ಒಂದು ದೊಡ್ಡ ಆಟವಾಯಿತು, ಐದು ನಿಮಿಷ ಬರೀ ಗುಳ್ಳೆ. ಗುಳ್ಳೆ ಬಿಡುತ್ತಾ ಬಿಡುತ್ತಾ ಬೆರಳು ಸಡಿಲಿಸಿದಾಗ ನೀರು ತಾನಾಗಿಯೇ ಮೇಲೇರಿತು. ಅವನ ಮುಖ ನೋಡಬೇಕಿತ್ತು. ಒಳಗಿನ ಗಾಳಿ ಹೊರಹೋದ ಜಾಗಕ್ಕೆ ಹೊರಗಿನ ಗಾಳಿಯ ಒತ್ತಡ ನೀರನ್ನು ತಳ್ಳುತ್ತದೆ ಎಂಬುದನ್ನು ನಾನು ಅವನಿಗೆ ಹೇಳಲಿಲ್ಲ. ಅವನಿಗೆ ಗೊತ್ತಾಗಿದ್ದು: ಮೊದಲು ಗುಳ್ಳೆ ಬಿಡಬೇಕು, ಆಮೇಲೆ ನೀರು ಬರುತ್ತೆ. ನಾಲ್ಕು ವರ್ಷಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೂ ತೋಚುವುದಿಲ್ಲ.

ಅವತ್ತು ಮುಕ್ಕಾಲು ಗಂಟೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ನೀರು ಸಾಗಿಸಿದ. ಅದೇ ಹೆಬ್ಬೆರಳು, ಅದೇ ತೋರುಬೆರಳು ನಾಳೆ ಪೆನ್ಸಿಲ್ ಹಿಡಿಯಬೇಕಾದವು. ಅಕ್ಷರ ತಿದ್ದಿಸುವುದಕ್ಕಿಂತ ಇದು ನನಗೆ ವಾಸಿ ಅನ್ನಿಸಿತು. ಮರುದಿನ ಇಬ್ಬರೂ ಸೇರಿ ನಾಣ್ಯದ ಮೇಲೆ ಹನಿ ಎಣಿಸಿದರು. ನಾಣ್ಯದ ಮೇಲೆ ಎಷ್ಟು ಹನಿ ಹಿಡಿಯುತ್ತದೆ ಅಂತ ಕೇಳಿದ್ದಕ್ಕೆ ದೊಡ್ಡವಳು "ಐದು" ಅಂದಳು, ಚಿಕ್ಕವನು "ನೂರು" ಅಂದ. 23 ಹಿಡಿಯಿತು. ಕೊನೆಕೊನೆಗೆ ನೀರು ನಾಣ್ಯದ ಅಂಚು ದಾಟಿ ಗುಮ್ಮಟದ ಹಾಗೆ ಉಬ್ಬಿ ನಿಂತು, ಮೇಜಿಗೆ ಮುಖ ಒತ್ತಿ ಪಕ್ಕದಿಂದ ನೋಡಿದರೆ ನಡುಗುವುದು ಕಾಣುತ್ತಿತ್ತು. ಇಬ್ಬರೂ ಉಸಿರು ಹಿಡಿದಿದ್ದರು. 24ನೇ ಹನಿಗೆ ಒಡೆಯಿತು. ಅದೇ ನಾಣ್ಯದ ಮೇಲೆ ಸೋಪಿನ ನೀರು ಬಿಟ್ಟಾಗ 11 ಹನಿಗೇ ಹರಿದುಹೋಯಿತು. ಇದು 25 ಪ್ರಯೋಗಗಳ ಪಟ್ಟಿಯಲ್ಲಿ ಇಲ್ಲ. ಯಾಕಿಲ್ಲ ಅಂತ ಯೋಚಿಸಿದೆ. ಇದಕ್ಕೆ ಮುಚ್ಚಳದ ಮೇಲೆ ಹಾಕುವಂಥ ಚಿತ್ರ ಬರುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಹಳದಿ ಕಾಗದದ ಪಟ್ಟಿಗಳಿಗೆ ಎರಡನೆಯ ಸ್ಥಾನ. ಅರಿಶಿನದಲ್ಲಿ ಅದ್ದಿ ಒಣಗಿಸಿದ ಕಾಗದ ಅದು, ಲಿಟ್ಮಸ್ಸಿನ ಬಡ ನೆಂಟ. ಸೋಪಿನ ನೀರಿನಂಥ ಪ್ರತ್ಯಾಮ್ಲ ತಾಗಿದರೆ ಕೆಂಪಾಗುತ್ತದೆ, ಆಮ್ಲ ತಾಗಿದರೆ ಮತ್ತೆ ಹಳದಿ. ಪುಸ್ತಕ ಹೇಳುವುದು ಒಂದು ತುದಿ ಸೋಪಿನ ನೀರಿಗೆ ಅದ್ದಿ ನೋಡಿ ಅಂತ. ಅದ್ದಿ ನೋಡಿದರೆ ಅರ್ಧ ನಿಮಿಷದಲ್ಲಿ ಮುಗಿಯಿತು. ದೊಡ್ಡವಳು ಅದ್ದಲಿಲ್ಲ, ಬ್ರಶ್ ತಂದಳು. ಸೋಪಿನ ನೀರಿನಲ್ಲಿ ಚಿತ್ರ ಬರೆದಳು: ಬಣ್ಣವಿಲ್ಲದ ನೀರು, ಕಾಗದದ ಮೇಲೆ ರಕ್ತಗೆಂಪಿನ ಗೆರೆ. ಒಂದು ಬೆಕ್ಕು. ಬಾಲ ಉದ್ದವಾಯಿತು ಅನ್ನಿಸಿ, ಸಿಟ್ರಿಕ್ ಆಮ್ಲದ ಹನಿ ಹಾಕಿ ಬಾಲದ ತುದಿಯನ್ನು ಅಳಿಸಿದಳು. "ಅಜ್ಜೀ, ಇದು ರಬ್ಬರು!" ಅಂತ ಕೂಗಿದಳು. ಆಮೇಲೆ ಬೆಕ್ಕಿಗೆ ಐದಾರು ಬಾಲ ಬಂದುಹೋದವು.

ಪಟ್ಟಿ ಮುಗಿದ ಮೇಲೆ ನಾನೇ ಅರಿಶಿನ ಕಲಸಿ ದಪ್ಪ ಕಾಗದಕ್ಕೆ ಬಳಿದು ಒಣಗಿಸಿ ಕೊಟ್ಟೆ. ಈ ಆಟದಿಂದ ನನಗೂ ಒಂದು ಹೊಸ ವಿಷಯ ಸಿಕ್ಕಿತು. ಚಿಕ್ಕವನು ಸೋಪಿನ ನೀರು ಚೆಲ್ಲಿಬಿಟ್ಟಿದ್ದ, ಅಕ್ಕ ಬೈದಳು. ಅವನು ಕೈ ತೊಳೆಯುವ ಲಿಕ್ವಿಡ್ ಬಾಟಲಿ ಎತ್ತಿಕೊಂಡು ಬಂದು ಅದನ್ನೇ ಬಳಿದ. ಏನೂ ಆಗಲಿಲ್ಲ, ಕಾಗದ ಹಳದಿಯಾಗಿಯೇ ಇತ್ತು. ಬಟ್ಟೆ ಒಗೆಯುವ ಬಾರ್ ಸೋಪು ತಿಕ್ಕಿದರೆ ಕೆಂಪು, ನೊರೆ ಬರುವ ಈ ಲಿಕ್ವಿಡ್ಡಿಗೆ ಕೆಂಪಿಲ್ಲ. ಎರಡೂ ಸೋಪೇ ಅಲ್ಲವಾ? ಕೈ ತೊಳೆಯುವ ದ್ರವಗಳಲ್ಲಿ ಎಷ್ಟೋ ನಿಜವಾದ ಸೋಪಲ್ಲ, ಚರ್ಮಕ್ಕೆ ಒಗ್ಗಲೆಂದು ಅವುಗಳಲ್ಲಿ ಪ್ರತ್ಯಾಮ್ಲದ ಗುಣ ಇರದಂತೆ ಮಾಡಿರುತ್ತಾರೆ ಎಂದು ನನಗೆ ಓದಿ ಗೊತ್ತಿತ್ತು, ಹೀಗೆ ಕಣ್ಣೆದುರು ನೋಡಿರಲಿಲ್ಲ. ಅವತ್ತು ಸಂಜೆ ಮನೆಯಲ್ಲಿದ್ದ ತೊಳೆಯುವ ಸಾಮಾನಿಗೆಲ್ಲ ಪರೀಕ್ಷೆ ನಡೆಯಿತು. ಶೌಚಾಲಯದ ಕ್ಲೀನರನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಆಟವಲ್ಲ.

ಇನ್ನು ತಪ್ಪುಗಳು. ಸಣ್ಣವೂ ಇವೆ, ಕ್ಷಮಿಸಲಾಗದ್ದು ಒಂದಿದೆ.

ಬಣ್ಣ ಬೇರ್ಪಡಿಸುವ ಪ್ರಯೋಗಕ್ಕೆಂದು ಸೋಸುಕಾಗದದ ಜೊತೆ ಕಪ್ಪು ಪೆನ್ನು ಕೊಟ್ಟಿದ್ದಾರೆ. ಕಾಗದದ ಮೇಲೆ ಚುಕ್ಕೆ ಇಟ್ಟು ತುದಿಯನ್ನು ನೀರಲ್ಲಿ ಅದ್ದಿದರೆ, ನೀರು ಏರುತ್ತಾ ಕಪ್ಪಿನೊಳಗಿನ ಬಣ್ಣಗಳನ್ನು ಬೇರೆಬೇರೆ ದೂರಕ್ಕೆ ಎಳೆದೊಯ್ಯಬೇಕು. ಎಲೆಯ ಹಸಿರಿನೊಳಗಿನ ಬಣ್ಣಗಳನ್ನು ಈ ಬಗೆಯಲ್ಲಿ ಬಿಡಿಸಿದವನು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್, 1900ರ ದಶಕದ ಮೊದಲ ವರ್ಷಗಳಲ್ಲಿ. ಅವನು ಬಳಸಿದ್ದು ಕಾಗದವಲ್ಲ, ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆ. ಅವನ ಮನೆತನದ ಹೆಸರಿಗೆ ರಷ್ಯನ್ನಿನಲ್ಲಿ "ಬಣ್ಣ" ಎಂದೇ ಅರ್ಥ ಅನ್ನುವುದನ್ನು ಮೊಮ್ಮಗಳಿಗೆ ಹೇಳಿ, ಭಾರಿ ಕುತೂಹಲ ಹುಟ್ಟಿಸಿ, ಕಾಗದ ಅದ್ದಿದೆವು. ಕಾದೆವು. ಚುಕ್ಕೆ ಇಟ್ಟಲ್ಲೇ ಕೂತಿತ್ತು. ನೀರು ಅದರ ಮೇಲೇ ಹಾದು ಹೋಯಿತು. ಪೆನ್ನು ತಿರುಗಿಸಿ ನೋಡಿದರೆ ಪರ್ಮನೆಂಟ್ ಮಾರ್ಕರು! ನೀರಲ್ಲಿ ಕರಗದ ಶಾಯಿಯನ್ನು ನೀರಿನ ಪ್ರಯೋಗಕ್ಕೆ ಕೊಟ್ಟವರನ್ನು ಏನನ್ನಬೇಕು? ಪೆಟ್ಟಿಗೆಗೆ ಸಾಮಾನು ತುಂಬಿದವರು ಒಮ್ಮೆಯೂ ಈ ಪ್ರಯೋಗ ಮಾಡಿ ನೋಡಿಲ್ಲ, ಇದರಲ್ಲಿ ನನಗೆ ಸಂದೇಹವಿಲ್ಲ. ಮೊಮ್ಮಗಳ ಶಾಲೆಯ ಸ್ಕೆಚ್ ಪೆನ್ನಿನಲ್ಲಿ ಮಾಡಿದಾಗ ಕಪ್ಪು ಒಡೆದು ನೀಲಿ, ನೇರಳೆ, ತುದಿಯಲ್ಲಿ ಒಂದಿಷ್ಟು ಕಿತ್ತಳೆ ಹೊರಬಂತು. ಆಮೇಲೆ ಅವಳು ಒಂದು ಕಾಗದದ ಮೇಲೆ ಎರಡೂ ಪೆನ್ನಿನ ಚುಕ್ಕೆ ಪಕ್ಕಪಕ್ಕ ಇಟ್ಟು, "ಇದು ಓಡುತ್ತೆ, ಇದು ಓಡಲ್ಲ" ಅಂತ ಮನೆಯ ಪೆನ್ನುಗಳನ್ನೆಲ್ಲ ಎರಡು ಗುಂಪು ಮಾಡಿದಳು. ಅಂದರೆ ತಪ್ಪು ಪೆನ್ನೂ ಉಪಯೋಗಕ್ಕೆ ಬಂತು. ಕಂಪನಿಗೆ ಅದರ ಮಾರ್ಕು ಕೊಡಲು ನಾನು ತಯಾರಿಲ್ಲ.

ಬಲ್ಬಿನ ಪುಟದ ಚಿತ್ರವೂ ತಪ್ಪು. ಗೂಡಿನಲ್ಲಿ ಎರಡು 1.5 ವೋಲ್ಟ್ ಸೆಲ್ಲುಗಳನ್ನು ತಲೆ-ಕಾಲು ಅದಲುಬದಲಾಗಿ ಇಡಬೇಕು. ಚಿತ್ರದಲ್ಲಿ ಎರಡೂ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿವೆ. ಹಾಗಿಟ್ಟರೆ ಒಂದು ತಳ್ಳಿದ್ದನ್ನು ಇನ್ನೊಂದು ಹಿಂದಕ್ಕೆ ತಳ್ಳುತ್ತದೆ, ಬಲ್ಬು ಹತ್ತುವುದಿಲ್ಲ. ನನಗೆ ಅದು ಕಂಡಿತು, ಬಾಯಿ ಮುಚ್ಚಿಕೊಂಡು ಕೂತೆ. ಮೊಮ್ಮಗಳು ವೈರು ಬದಲಾಯಿಸಿದಳು, ಬಲ್ಬು ಬಿಗಿ ಮಾಡಿದಳು, ಬಲ್ಬನ್ನು ಅಲ್ಲಾಡಿಸಿ ಕಿವಿಗಿಟ್ಟು ಕೇಳಿದಳು. ಅಳು ಬರುವ ಹೊತ್ತಿಗೆ ಒಂದು ಸೆಲ್ ತೆಗೆದು ತಿರುಗಿಸಿಟ್ಟಳು. ಹತ್ತಿತು. ಅವಳು ಹೇಳಿದ್ದು, "ಪುಸ್ತಕ ಸುಳ್ಳು ಹೇಳ್ತಿದೆ." ಎಂಟು ವರ್ಷದೊಳಗಿನ ಮಗುವಿನ ಬಾಯಲ್ಲಿ ಈ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದು ಹೇಳಿದರೆ ಮಗ ಸಿಟ್ಟಾದಾನು. ಆಮೇಲೆ ಎರಡು ವೈರಿನ ನಡುವೆ ಸಿಕ್ಕಿದ್ದನ್ನೆಲ್ಲ ಇಟ್ಟು ನೋಡುವ ಆಟ: ಬೀಗದ ಕೈ, ಚಮಚ, ಬಳೆ, ರಬ್ಬರು. ಎರಡೂ ತುದಿ ಚೂಪು ಮಾಡಿದ ತುಂಡು ಪೆನ್ಸಿಲ್ ಇಟ್ಟಾಗ ಬಲ್ಬು ಮಂಕಾಗಿ ಕೆಂಡದ ಹಾಗೆ ಹತ್ತಿತು. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟು. ಚಿಕ್ಕವನು ತನ್ನ ಮೂಗಿಗೂ ಎರಡು ಕ್ಲಿಪ್ಪು ಹಾಕಿಸಿಕೊಳ್ಳಲು ತಯಾರಾಗಿದ್ದ. 3 ವೋಲ್ಟಿನಿಂದ ಶಾಕ್ ಏನೂ ಹೊಡೆಯುವುದಿಲ್ಲ, ಕ್ಲಿಪ್ಪಿನ ಹಲ್ಲು ಮಾತ್ರ ಕಚ್ಚುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಈ ವೈರು ಸುಳಿಯಬಾರದು ಅಂತ ಅವತ್ತೇ ಕಟ್ಟುನಿಟ್ಟು ಮಾಡಿದೆ.

ಕನ್ನಡಿ ಪಟ್ಟಿಗಳ ಮೇಲೆ ತೆಳುವಾದ ಹಾಳೆ ಅಂಟಿಸಿರುತ್ತಾರೆ, ಅದನ್ನು ಸುಲಿಯಬೇಕೆಂದು ಪುಸ್ತಕ ಹೇಳುವುದಿಲ್ಲ. ಸುಲಿಯದೆ ಬಹುರೂಪದರ್ಶಕ, ಅಂದರೆ ಕೆಲಿಡೋಸ್ಕೋಪು, ಕಟ್ಟಿದರೆ ಒಳಗೆ ಮಂಜು ಕವಿದ ಹಾಗೆ. ಉಗುರಿನಲ್ಲಿ ಕೆರೆದು ನೋಡಿ. ಸುಲಿದ ಮೇಲೆ ಇದು ಬಲು ಚೆನ್ನಾದ ಪ್ರಯೋಗ. ಇದನ್ನು 1816ರಲ್ಲಿ ಕಂಡುಹಿಡಿದ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಮರುವರ್ಷ ಪೇಟೆಂಟ್ ಪಡೆದರೂ, ಕಂಡಕಂಡವರೆಲ್ಲ ನಕಲು ಮಾಡಿ ಮಾರಿದ್ದರಿಂದ ಅವನ ಕೈಗೆ ದುಡ್ಡು ಹತ್ತಲಿಲ್ಲ. ನಕಲು ಮಾಡುವುದು ಎಷ್ಟು ಸುಲಭ ಅಂತ ಮೂರು ಪಟ್ಟಿ ತ್ರಿಕೋನ ಮಾಡಿ ರಬ್ಬರ್ ಬ್ಯಾಂಡ್ ಹಾಕಿದ ಯಾರಿಗೂ ಗೊತ್ತಾಗುತ್ತದೆ. ತುದಿಗೆ ಹಾಕಲು ಪೆಟ್ಟಿಗೆಯವರು ಕೊಟ್ಟ ಮಣಿ ಹತ್ತೇ ಹತ್ತು. ಮಕ್ಕಳು ಅದನ್ನು ಬಿಟ್ಟು ಒಡೆದ ಹೇರ್‌ಕ್ಲಿಪ್ಪು, ಒಣ ಹೂವಿನ ಎಸಳು, ದಾರ ಎಲ್ಲ ಹಾಕಿ ನೋಡಿದರು. ಗೆದ್ದಿದ್ದು ಪೆನ್ಸಿಲ್ ಕೆತ್ತಿದ ಸಿಪ್ಪೆ. ಆ ಸುರುಳಿಯ ಬಣ್ಣದ ಅಂಚು ಒಳಗೆ ಹೂವಾಗಿ ಅರಳುತ್ತದೆ. ಅಂದಿನಿಂದ ಮನೆಯಲ್ಲಿ ಪೆನ್ಸಿಲ್ಲುಗಳು ಅಗತ್ಯಕ್ಕಿಂತ ಹೆಚ್ಚು ಚೂಪಾಗಿವೆ.

ಕಬ್ಬಿಣದ ಪುಡಿಯನ್ನು ಬಿಡಿ ಪೊಟ್ಟಣದಲ್ಲಿ ಕೊಟ್ಟಿದ್ದಾರೆ. ಕಾಂತಕ್ಕೆ ನೇರವಾಗಿ ಅಂಟಿದರೆ ಬಿಡಿಸಲು ಜನ್ಮ ಸಾಲದು. ಲ್ಯಾಬಿನಲ್ಲಿ ಮಾಡುತ್ತಿದ್ದ ಹಾಗೆ ಕಾಂತಕ್ಕೆ ಮೊದಲು ಪ್ಲಾಸ್ಟಿಕ್ ಚೀಲ ಸುತ್ತಿ. ಕೆಲಸ ಮುಗಿದ ಮೇಲೆ ಚೀಲ ಎಳೆದರೆ ಪುಡಿ ಉದುರುತ್ತದೆ. ಕಣ್ಣಿಗೆ ಹೋಗಬಾರದ ಸಾಮಾನಿದು, ಚಿಕ್ಕವನಿಗೆ ಕೊಡಲೇ ಇಲ್ಲ. ಜೇಡಿಯ ಬಗ್ಗೆ ಒಂದೇ ಮಾತು: ಜೊತೆಗೆ ಕೊಟ್ಟ ಅಚ್ಚುಗಳನ್ನು ಎತ್ತಿಡಿ. ಉಂಡೆ ಮಾಡಿದರೆ ಮುಳುಗುವ ಜೇಡಿ ಬಟ್ಟಲು ಮಾಡಿದರೆ ತೇಲುತ್ತದೆ, ಅಚ್ಚಿನ ಡೈನೋಸಾರಿನಿಂದ ಅದು ಗೊತ್ತಾಗುವುದಿಲ್ಲ.

ಈಗ ಕ್ಷಮಿಸಲಾಗದ್ದು. ಪುಟ್ಟ ಟಾರ್ಚು. ನೆರಳಿನ ಪ್ರಯೋಗಕ್ಕೆ ಅಂತ ಕೊಟ್ಟಿದ್ದಾರೆ, ಒಳಗಿರುವುದು ಬಟನ್ ಸೆಲ್. ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಲ್ಲಿ ಎಬ್ಬಿಸಿದರೆ ಬಂತು. "4 ವರ್ಷ" ಅಂತ ಬರೆದ ಪೆಟ್ಟಿಗೆಯಲ್ಲಿ! ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ, ಅಲ್ಲಿನ ಒದ್ದೆಯಲ್ಲಿ ವಿದ್ಯುತ್ ಹರಿದು ಬಲವಾದ ಕ್ಷಾರ ಹುಟ್ಟಿ ಎರಡು ಗಂಟೆಯೊಳಗೇ ಒಳಗೋಡೆ ಸುಟ್ಟುಹೋಗಬಹುದು. ಸೆಲ್ಲಿನಲ್ಲಿ ಚಾರ್ಜ್ ಮುಗಿದಿದೆ ಅನ್ನಿಸಿದರೂ ಅಪಾಯ ತಪ್ಪಿದ್ದಲ್ಲ. ನುಂಗಿದ ಅನುಮಾನ ಬಂದರೂ ಸಾಕು, ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಓಡಬೇಕು. ನಾನು ಆ ಟಾರ್ಚನ್ನು ಮೊದಲ ದಿನವೇ ಬಿಚ್ಚಿ ಸೆಲ್ ತೆಗೆದೆ, ನೆರಳಿಗೆ ಮನೆಯ ದೊಡ್ಡ ಟಾರ್ಚು ಬಂತು. ಇದೇ ಮಾತು ಸಣ್ಣ ಬಲವಾದ ಕಾಂತಗಳಿಗೂ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಎರಡು ಸುರುಳಿಗಳ ಆಚೀಚೆ ನಿಂತು ಒಂದನ್ನೊಂದು ಎಳೆದು ನಡುವಿನ ಗೋಡೆಯನ್ನೇ ತೂತು ಮಾಡುತ್ತವೆ. ಈ ಪೆಟ್ಟಿಗೆಯಲ್ಲಿ ಇದ್ದವು ಬೆರಳುದ್ದದ ದಂಡಕಾಂತ, ಆ ಮಟ್ಟಿಗೆ ಬುದ್ಧಿ ಉಪಯೋಗಿಸಿದ್ದಾರೆ. ನೀವು ಬೇರೆ ಪೆಟ್ಟಿಗೆ ಕೊಳ್ಳುವುದಾದರೆ ಗುಂಡಿಯಂಥ ಕಾಂತ ಕಂಡರೆ ಅಲ್ಲೇ ಕೆಳಗಿಡಿ. ಮನೆಯಲ್ಲಿ ಮೂರರೊಳಗಿನ ಕೂಸಿದ್ದರೆ, ಟಿಶ್ಯೂ ಸುತ್ತಿದ ರಟ್ಟಿನ ಕೊಳವೆಯಲ್ಲಿ ತೂರುವ ಯಾವುದೂ ಅದರ ಕೈಗೆ ಸಿಗುವಂತಿರಬಾರದು.

ಮಗ ಕೇಳಿದ್ದು 5ಕ್ಕೆ ಎಷ್ಟು ನಕ್ಷತ್ರ ಅಂತ. ಸಾಮಾನಿಗೆ 4, ಪುಸ್ತಕಕ್ಕೆ 1, ಟಾರ್ಚಿಗೆ ಸೊನ್ನೆ. ಒಟ್ಟು ಅವನೇ ಹಾಕಿಕೊಳ್ಳಲಿ. 25 ಪ್ರಯೋಗಗಳಲ್ಲಿ ನಾವು ಮಾಡಿದ್ದು 14. ಮಕ್ಕಳು ತಾವಾಗಿ ಮತ್ತೆ ಕೇಳಿದ್ದು, ಪಟ್ಟಿಯಲ್ಲಿಲ್ಲದ ಹನಿಯೂ ಸೇರಿ, ನಾಲ್ಕು ಮಾತ್ರ: ಹನಿ, ಹಳದಿ ಕಾಗದ, ಬಲ್ಬು, ಕನ್ನಡಿ. ಆ ನಾಲ್ಕೂ ಸಾಮಾನು ಮುಗಿಯದಂಥವು, ಅಥವಾ ಮುಗಿದರೆ ಮನೆಯಲ್ಲೇ ಮಾಡಿಕೊಳ್ಳಬಹುದಾದವು. ಒಮ್ಮೆ ಸುರಿದರೆ ಖಾಲಿಯಾಗುವ ಪೊಟ್ಟಣಗಳು ಇನ್ನೂ ಕೆಲವು ಪೆಟ್ಟಿಗೆಯ ತಳದಲ್ಲೇ ಇವೆ, ಯಾರೂ ಕೇಳಿಲ್ಲ.

ಹೋದ ವಾರ ಡ್ರಾಪರಿನ ಬುಡ ಒತ್ತಿ ಒತ್ತಿ ಸೀಳಿತು. ಇನ್ನೊಂದು ಎಂದೋ ಮಂಚದಡಿ ಸೇರಿ ಯಾರದೋ ಕಾಲಿಗೆ ಸಿಕ್ಕಿ ಸತ್ತಿತ್ತು. ಕಂಪನಿಗೆ ಬರೆದು, ಎರಡು ಡ್ರಾಪರ್ ಬಿಡಿಯಾಗಿ ಸಿಗುತ್ತವೆಯೇ ಅಂತ ಕೇಳಿದೆ. ಬಿಡಿ ಸಾಮಾನು ಮಾರುವುದಿಲ್ಲವಂತೆ, ಇನ್ನೊಂದು ಪೂರ್ತಿ ಪೆಟ್ಟಿಗೆ ತೆಗೆದುಕೊಳ್ಳಬೇಕಂತೆ. ಈಗ ಚಿಕ್ಕವನು ನೀರು ಸಾಗಿಸುತ್ತಿರುವುದು ನಾನು ನಿವೃತ್ತಿಯ ದಿನ ಲ್ಯಾಬಿನಿಂದ ಕೇಳಿ ಪಡೆದು ತಂದ ಹಳೆಯ ಡ್ರಾಪರಿನಲ್ಲಿ. ಗಾಜಿನದು. ಹಾಗಾಗಿ ನಾನು ಪಕ್ಕದಲ್ಲೇ ಕೂತಿರಬೇಕು, ಅವನಿಗೆ ಅದರಿಂದ ಭಾರಿ ಕಿರಿಕಿರಿ.